ಬಣ್ಣದ ಆನೆಯ ಕತೆಗೆ ನೀತಿ ಬೇಕಾ?

ಪ್ರಶ್ನೆ: ಮಗಳಿಗೆ ನಾಲ್ಕೂವರೆ ವರ್ಷ. ಅವಳ ಶಿಶುವಿಹಾರಕ್ಕೆ ಹೊಸದಾಗಿ ಬಂದ ಹುಡುಗಿ ಕಿವಿ ಮಿಷನ್ ಹಾಕುತ್ತಾಳೆ. ಇವಳು ಎಲ್ಲರೆದುರೇ ‘ಅದೇನದು, ತೆಗಿ’ ಅಂದುಬಿಟ್ಟಳಂತೆ. ನನಗೆ ನಾಚಿಕೆಯಾಯಿತು. ಬೂದು ಆನೆಗಳ ನಡುವೆ ಬಣ್ಣಬಣ್ಣದ ಚೌಕಗಳ ಮೈಯಿರುವ ಆನೆಯ ಕತೆ, ‘ಎಲ್ಮರ್’ ಚಿತ್ರಪುಸ್ತಕ ತಂದು ದಿನಾ ಓದುತ್ತಿದ್ದೇನೆ. ‘ಇದರಿಂದ ಏನು ಕಲಿತೆ?’ ಅಂತ ಕೇಳಿದರೆ ಸಾಕು, ಎದ್ದು ಓಡುತ್ತಾಳೆ. ಏನು ಮಾಡಲಿ?
– ಒಬ್ಬ ಅಮ್ಮ

ಉತ್ತರ: ಓಡದೆ ಇನ್ನೇನು ಮಾಡಿಯಾಳು! ಕತೆ ಕೇಳೋಕೆ ಕೂತವಳಿಗೆ ಕೊನೆಗೆ ಪರೀಕ್ಷೆ ಇಟ್ಟರೆ ಯಾರಿಗೆ ಬೇಕು? ಆ ಪ್ರಶ್ನೆಯೊಂದನ್ನು ಬಿಟ್ಟುಬಿಡಿ.

ನಾನೂ ಇದೇ ತಪ್ಪು ಮಾಡಿದವಳು, ಅದೂ ಟೀಚರ್ ಆಗಿದ್ದುಕೊಂಡು. ನನ್ನ ತರಗತಿಯಲ್ಲಿ ಒಬ್ಬ ಹುಡುಗನಿಗೆ ಒಂದು ಕಣ್ಣು ಮಂದ. ಅದಕ್ಕೆ ಕೆಲಸ ಸಿಗಲಿ ಅಂತ ಡಾಕ್ಟರು ಚೆನ್ನಾಗಿರುವ ಕಣ್ಣಿಗೆ ಪಟ್ಟಿ ಅಂಟಿಸಿದ್ದರು. ಮಕ್ಕಳು ಕಿಸಕ್ಕನೆ ನಕ್ಕರು. ಮರುದಿನ ನಾನು ಇದೇ ಎಲ್ಮರ್ ಹಿಡಿದುಕೊಂಡು ಕೂತೆ. ‘ಬೇರೆ ಥರ ಇದ್ದರೂ ಪರವಾಗಿಲ್ಲ’ ಅನ್ನುವಾಗಲೆಲ್ಲ ನನ್ನ ಕಣ್ಣು ಅವನ ಕಡೆಗೇ ಹೋಗುತ್ತಿತ್ತು. ನನ್ನ ಕಣ್ಣು ಹೋದ ಕಡೆ ಇಪ್ಪತ್ತು ಮಕ್ಕಳ ಕಣ್ಣೂ ಹೋಯಿತು. ಮಾರನೇ ದಿನ ಹುಡುಗ ಪಟ್ಟಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡು ಬಂದ. ಪುಸ್ತಕದ ತಪ್ಪಲ್ಲ, ಅದನ್ನು ಅವನ ಮೇಲೆ ಎಸೆದದ್ದು ನಾನು.

ಡೇವಿಡ್ ಮೆಕ್ಕೀ ಅವರ ಈ ಪುಸ್ತಕ ಮೊದಲು ಬಂದದ್ದು 1968ರಲ್ಲಿ. ಅದನ್ನು ನಿಧಾನವಾಗಿ ಓದಿ ನೋಡಿ. ಎಲ್ಮರ್‌ನನ್ನು ಯಾವ ಆನೆಯೂ ಹೀಯಾಳಿಸುವುದಿಲ್ಲ. ನಾನು ಬೇರೆ ಥರ ಇರೋದಕ್ಕೇ ಇವರು ನಗುತ್ತಾರೇನೋ ಅಂತ ರಾತ್ರಿ ನಿದ್ದೆಗೆಟ್ಟು ಯೋಚಿಸುವವನು ಅವನೇ. ಬೂದು ಹಣ್ಣಿನಲ್ಲಿ ಹೊರಳಾಡಿ ಉಳಿದ ಆನೆಗಳ ಹಾಗೇ ಬೂದು ಬಣ್ಣ ಮಾಡಿಕೊಂಡು ಬಂದರೆ ಯಾರಿಗೂ ಗುರುತೇ ಸಿಗುವುದಿಲ್ಲ. ಆನೆಗಳೆಲ್ಲ ಗಂಭೀರವಾಗಿ ಸುಮ್ಮನೆ ನಿಂತಿರುತ್ತವೆ. ನೀವು ಆ ಪುಟದಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ‘ಇದರಲ್ಲಿ ಎಲ್ಮರ್ ಯಾವನು?’ ಅಂತ ಕೇಳಿದರೆ ಸಾಕು. ಮಿಕ್ಕಿದ್ದನ್ನು ಅವಳೇ ಮಾತಾಡುತ್ತಾಳೆ. ಮಾತಾಡದಿದ್ದರೂ ಸರಿ, ಪುಟ ತಿರುಗಿಸಿ.

ಇನ್ನೊಂದು ಪುಸ್ತಕ ಕೊಳ್ಳುವುದಾದರೆ ಕೊನೆಯ ಪುಟ ಮೊದಲು ನೋಡಿ. ಎಷ್ಟೋ ಕತೆಗಳಲ್ಲಿ ಬೇರೆ ಥರದ ಮರಿ ಎಲ್ಲರನ್ನೂ ಅಪಾಯದಿಂದ ಕಾಪಾಡಿದ ಮೇಲೇ ಗುಂಪಿಗೆ ಸೇರಿಸಿಕೊಳ್ಳುತ್ತಾರೆ. ನನಗೆ ಅವು ಹಿಡಿಸುವುದಿಲ್ಲ. ಕಾಪಾಡದಿದ್ದರೆ ಆ ಮರಿ ಹೊರಗೇ ಇರಬೇಕಿತ್ತಾ?

ಇನ್ನು ಕಿವಿ ಮಿಷನ್ ವಿಷಯ. ಅದಕ್ಕೆ ಆನೆ ಕತೆ ಯಾಕೆ? ಮಗಳು ಕೇಳಿದ್ದು ‘ಅದೇನದು’ ಅಂತ. ಅದಕ್ಕೆ ನೇರ ಉತ್ತರ ಕೊಡಿ. ‘ಅದು ಶಬ್ದವನ್ನು ಜೋರು ಮಾಡಿ ಕಿವಿಗೆ ಕೇಳಿಸುತ್ತೆ. ಅದು ಅವಳದು. ನಾವು ಮುಟ್ಟೋದಿಲ್ಲ, ತೆಗಿ ಅನ್ನೋದೂ ಇಲ್ಲ’ ಅನ್ನಿ. ಒಮ್ಮೊಮ್ಮೆ ಅದು ಕುಂಯ್ ಅನ್ನುತ್ತದೆ, ಹೆದರಬೇಡ ಅಂತಲೂ ಹೇಳಿರಿ. ಗಲಾಟೆ ಇದ್ದಲ್ಲಿ ಆ ಹುಡುಗಿಗೆ ಮಾತು ಸರಿಯಾಗಿ ಕೇಳಿಸದೆ ಹೋಗಬಹುದು. ಹತ್ತಿರ ಹೋಗಿ, ಮುಖ ನೋಡಿ ಮಾತಾಡಲಿ. ಹಿಂದಿನಿಂದ ಕೂಗಿ, ಆಮೇಲೆ ‘ಅವಳು ನನ್ನ ಜೊತೆ ಆಡಲ್ಲ’ ಅಂತ ಮನೆಗೆ ಬಂದು ಅಳುವುದು ತಪ್ಪುತ್ತದೆ.

ಎಲ್ಮರ್ ದಿನಾ ಬೇಡ. ಅವಳೇ ತಂದುಕೊಟ್ಟ ದಿನ ಓದಿ.