ಕೆರಿಬಿಯನ್ ಕ್ರೂಸ್: ಯಾವ ಬಂದರಿನಲ್ಲಿ ಹಡಗಿನ ಟೂರ್, ಎಲ್ಲಿ ನಮ್ಮದೇ ದಾರಿ

ಯಾವ ಬಂದರಿನಲ್ಲಿ ಹಡಗಿನವರ ಟೂರ್ ತಗೊಳ್ಳಬೇಕು, ಎಲ್ಲಿ ಹೊರಗಿನವರದ್ದು ಸಾಕು ಅನ್ನುವ ನಿಮ್ಮ ಪ್ರಶ್ನೆ ನೋಡಿದೆ. ಜುಲೈನಲ್ಲಿ ಮಯಾಮಿಯಿಂದ ಏಳು ರಾತ್ರಿಯ ಕ್ರೂಸ್, ನಿಲ್ಲುವುದು ಜಮೈಕಾದ ಓಚೊ ರಿಯೊಸ್, ಗ್ರ್ಯಾಂಡ್ ಕೇಮನ್, ಮೆಕ್ಸಿಕೊದ ಕೊಜುಮೆಲ್. ನೀವಿಬ್ಬರು, ಇಬ್ಬರು ಮಕ್ಕಳು, ಶಿವಮೊಗ್ಗದಿಂದ ಬಂದಿರುವ ಅಪ್ಪ ಅಮ್ಮ. ಅಮ್ಮನಿಗೆ ಮಂಡಿ ನೋವು. ದೊಡ್ಡ ಮಗಳನ್ನು ಬಿಟ್ಟರೆ ಯಾರಿಗೂ ಸರಿಯಾಗಿ ಈಜು ಬರಲ್ಲ. ಎಲ್ಲರೂ ಸಸ್ಯಾಹಾರಿಗಳು. ನಿಮ್ಮ ಪ್ರಶ್ನೆಗೆ ಉತ್ತರ ಬರೆದ ಒಬ್ಬರು "ಹಡಗಿನವರ ಟೂರ್ ತಗೊಳ್ಳಲೇಬೇಡಿ, ದುಡ್ಡು ದಂಡ" ಅಂದಿದ್ದಾರೆ. ಇನ್ನೊಬ್ಬರು ಹೊರಗಿನ ಟೂರ್‌ನವರನ್ನು ನಂಬಲೇಬೇಡಿ ಅಂತ ಬರೆದಿದ್ದಾರೆ. ಎರಡನ್ನೂ ನಾನು ಪೂರ್ತಿ ಒಪ್ಪುವುದಿಲ್ಲ.

ಪಿಯರ್‌ನಿಂದ, ಅಂದರೆ ಹಡಗು ಬಂದು ನಿಲ್ಲುವ ಕಟ್ಟೆಯಿಂದ, ಎಷ್ಟು ದೂರ ಹೋಗುತ್ತೀರಿ, ವಾಪಸ್ ಬರುವ ದಾರಿಯಲ್ಲಿ ನಿಮ್ಮ ಕೈಯಲ್ಲಿಲ್ಲದ್ದು ಏನೇನಿದೆ, ಇಷ್ಟನ್ನು ನೋಡಿ ಒಂದೊಂದು ಬಂದರಿಗೆ ಬೇರೆ ಬೇರೆ ತೀರ್ಮಾನ ಮಾಡಿ. ಮಧ್ಯೆ ಫೆರ್ರಿ ಇದೆಯಾ, ಹಡಗಿನಿಂದ ದಡಕ್ಕೆ ಒಯ್ಯುವ ಟೆಂಡರ್ ದೋಣಿ ಇದೆಯಾ, ಎರಡು ಗಂಟೆ ಬಸ್ ಪ್ರಯಾಣ ಇದೆಯಾ? ಇದ್ದರೆ ಹಡಗಿನ ಟೂರ್. ಟ್ಯಾಕ್ಸಿ ಹಿಡಿದು ಇಪ್ಪತ್ತು ನಿಮಿಷದಲ್ಲಿ ಹಡಗಿನ ಬುಡಕ್ಕೆ ಬಂದುಬಿಡಬಹುದು ಅಂತಾದರೆ ಜಾಸ್ತಿ ಕೊಡುವ ಅಗತ್ಯವಿಲ್ಲ.

ಕಾರಣ ನಿಮಗೆ ಗೊತ್ತಿರಬಹುದು. ಹಡಗಿನ ಮೂಲಕ ಬುಕ್ ಮಾಡಿದ ಟೂರ್ ತಡವಾದರೆ ಹಡಗು ಕಾಯುತ್ತದೆ. ಕಾಯಲು ಆಗದಿದ್ದರೆ ಮುಂದಿನ ಬಂದರಿಗೆ ಅವರೇ ಕಳಿಸುತ್ತಾರೆ. ಹೊರಗಿನ ಟೂರ್‌ನಲ್ಲಿ ತಡವಾದರೆ ಕ್ಯಾಪ್ಟನ್ ಟಾಟಾ ಮಾಡಿಕೊಂಡು ಹೊರಟುಬಿಡುತ್ತಾನೆ. ಆಮೇಲೆ ವಿಮಾನ ಹಿಡಿದು ಹಡಗನ್ನು ಅಟ್ಟಿಸಿಕೊಂಡು ಹೋಗುವ ಖರ್ಚು ನಿಮ್ಮದೇ. ಭಾರತದ ಪಾಸ್‌ಪೋರ್ಟ್ ಇರುವ ಅಪ್ಪ ಅಮ್ಮನಿಗೆ ಖರ್ಚಿನ ಜೊತೆ ವೀಸಾದ ತಲೆನೋವೂ ಇದೆ. ಕ್ರೂಸ್ ಪ್ರಯಾಣಿಕರಾಗಿ ನಾಲ್ಕು ಗಂಟೆ ದ್ವೀಪದಲ್ಲಿ ಓಡಾಡುವ ನಿಯಮ ಬೇರೆ, ಅದೇ ದ್ವೀಪಕ್ಕೆ ವಿಮಾನದಲ್ಲಿ ಹೋಗಿ ಇಳಿಯುವ ನಿಯಮ ಬೇರೆ. ಎಲ್ಲರ ಪಾಸ್‌ಪೋರ್ಟ್ ಮತ್ತು ವೀಸಾ ಪುಟಗಳ ಫೋಟೊ ನಿಮ್ಮ ಫೋನಿನಲ್ಲಿರಲಿ.

ಈಗ ಗಡಿಯಾರದ ವಿಷಯ. ಜುಲೈನಲ್ಲಿ ಹೋಗುವವರು ಇದನ್ನು ಸರಿಯಾಗಿ ಓದಿಕೊಳ್ಳಿ. ಬೇಸಿಗೆಯಲ್ಲಿ ಮಯಾಮಿಯ ಗಡಿಯಾರ ಒಂದು ಗಂಟೆ ಮುಂದೆ ಹೋಗಿರುತ್ತದೆ. ಜಮೈಕಾ, ಕೇಮನ್, ಕೊಜುಮೆಲ್ ಮೂರೂ ಕಡೆ ವರ್ಷವಿಡೀ ಒಂದೇ ಸಮಯ, ಬೇಸಿಗೆಗೆ ಅಂತ ಬದಲಾಯಿಸುವುದಿಲ್ಲ. ಕೊಜುಮೆಲ್ ಇರುವ ಕಿಂತಾನಾ ರೋ ರಾಜ್ಯ 2015ರಿಂದ ಹಾಗೆ ಮಾಡಿದೆ. ಹಾಗಾಗಿ ನಿಮ್ಮ ಹಡಗು ಮಯಾಮಿ ಸಮಯವನ್ನೇ ಇಟ್ಟುಕೊಂಡಿದ್ದರೆ, ದಡಕ್ಕಿಳಿದ ಕೂಡಲೇ ಫೋನ್ ತಾನಾಗಿಯೇ ಒಂದು ಗಂಟೆ ಹಿಂದೆ ಹೋಗುತ್ತದೆ. ಫೋನಿನಲ್ಲಿ ಮೂರು ಗಂಟೆ, ಹಡಗಿನಲ್ಲಿ ಆಗಲೇ ನಾಲ್ಕು. ಕೆಲವು ಹಡಗುಗಳು ಸ್ಥಳೀಯ ಸಮಯಕ್ಕೆ ಬದಲಾಗುತ್ತವೆ, ಕೆಲವು ಬದಲಾಗುವುದಿಲ್ಲ. ಹಿಂದಿನ ರಾತ್ರಿ ಕೊಡುವ ದಿನಚರಿಯಲ್ಲಿ ಬರೆದಿರುತ್ತದೆ. ಅಪ್ಪನ ಕೈಗಡಿಯಾರವನ್ನು ಹಡಗಿನ ಸಮಯಕ್ಕೆ ಇಟ್ಟು ಎಲ್ಲರೂ ಅದನ್ನೇ ನೋಡಿ. ಹೊರಗಿನ ಟೂರ್‌ನವರು "ಒಂಬತ್ತಕ್ಕೆ ಬನ್ನಿ" ಅಂದರೆ ಯಾವ ಒಂಬತ್ತು ಅಂತ ಕೇಳಿಕೊಳ್ಳಿ. ಇನ್ನೊಂದು, ಹಡಗು ಹೊರಡುವ ಸಮಯ ಬೇರೆ, ಎಲ್ಲರೂ ಹತ್ತಿರಬೇಕಾದ ಸಮಯ ಬೇರೆ. ಸಾಮಾನ್ಯವಾಗಿ ಅರ್ಧ ಗಂಟೆ ಮೊದಲೇ ಹತ್ತಿರಬೇಕು.

ಓಚೊ ರಿಯೊಸ್‌ನಲ್ಲಿ ನಾನಾಗಿದ್ದರೆ ಹೊರಗಿನ ವ್ಯಾನ್ ಮಾಡುತ್ತಿದ್ದೆ. ಹಡಗಿನ ಟೂರ್‌ಗೆ ತಲೆಗಿಷ್ಟು ಅಂತ ದುಡ್ಡು, ಆರು ತಲೆ. ಚಾಲಕನ ಸಮೇತ ವ್ಯಾನ್ ಮಾಡಿದರೆ ಹೆಚ್ಚಾಗಿ ಇಡೀ ಗಾಡಿಗೆ ಬಾಡಿಗೆ. ಇಬ್ಬರೇ ಹೋಗುವವರಿಗೆ ಅಷ್ಟೇನೂ ಲಾಭವಿಲ್ಲ, ಆರು ಜನಕ್ಕೆ ತುಂಬಾ ವ್ಯತ್ಯಾಸ ಬರುತ್ತದೆ. ಜೊತೆಗೆ ಅಮ್ಮ ಎಲ್ಲಿ ಕೂರಬೇಕು ಅಂದರೆ ಅಲ್ಲಿ ನಿಲ್ಲಿಸಬಹುದು. ನಲವತ್ತು ಜನರ ಬಸ್ಸಿನಲ್ಲಿ ಅದಾಗಲ್ಲ. ಡನ್ಸ್ ರಿವರ್ ಜಲಪಾತ ಊರಿಗೆ ಹತ್ತಿರವೇ ಇದೆ, ಕೆಲವೇ ಕಿಲೋಮೀಟರ್. ಜಾರುವ ಕಲ್ಲಿನ ಹಂತಗಳ ಮೇಲೆ, ಹರಿಯುವ ನೀರಿನಲ್ಲೇ ಸುಮಾರು 180 ಮೀಟರ್ ಉದ್ದಕ್ಕೂ ಹತ್ತಬೇಕು. ಒಬ್ಬರ ಕೈ ಒಬ್ಬರು ಹಿಡಿದು ಸರಪಳಿ ಮಾಡಿಕೊಂಡು ಹತ್ತಿಸುತ್ತಾರೆ. ಈಜು ಬೇಡ, ಆದರೆ ಮಂಡಿ ಗಟ್ಟಿ ಇರಬೇಕು. ಪಕ್ಕದಲ್ಲೇ ಮೆಟ್ಟಿಲುಗಳಿವೆ, ಅಲ್ಲಿಂದ ನೋಡಬಹುದು. ಆದರೂ ಮೆಟ್ಟಿಲು ಮೆಟ್ಟಿಲೇ ಅಲ್ವಾ. ನೀರಿನ ಶೂ ಎಲ್ಲರಿಗೂ ಮನೆಯಿಂದಲೇ ತಗೊಂಡು ಹೋಗಿ, ಅಲ್ಲಿ ಬಾಡಿಗೆ ಜಾಸ್ತಿ. ಬೆಳಿಗ್ಗೆ ಹಡಗಿನಿಂದ ಇಳಿದ ತಕ್ಷಣ ಹೊರಡಿ. ಹತ್ತು ಗಂಟೆ ಮೇಲೆ ಎಲ್ಲ ಹಡಗಿನ ಬಸ್ಸುಗಳೂ ಬಂದು ನಿಂತರೆ ಸರಪಳಿ ಮುಂದಕ್ಕೇ ಹೋಗುವುದಿಲ್ಲ.

ಅಪ್ಪ ಅಮ್ಮನಿಗೆ ಮಿಸ್ಟಿಕ್ ಮೌಂಟನ್ ನೋಡಿ. ಕುರ್ಚಿ ಲಿಫ್ಟ್‌ನಲ್ಲಿ ಕೂತು ಕಾಡಿನ ಮೇಲಿಂದ ಬೆಟ್ಟ ಹತ್ತಬಹುದು, ಕೆಳಗೆ ಸಮುದ್ರ ಕಾಣುತ್ತದೆ. ಮಕ್ಕಳಿಗೆ ಅಲ್ಲೇ ಹಳಿಯ ಮೇಲೆ ಇಳಿಯುವ ಬಾಬ್‌ಸ್ಲೆಡ್ ಇದೆ. ಲಿಫ್ಟ್ ಹತ್ತಿ ಇಳಿಯುವಾಗ ಸ್ವಲ್ಪ ಚುರುಕಾಗಿರಬೇಕು, ನಿಧಾನ ಮಾಡಿಸಿ ಅಂತ ಮೊದಲೇ ಹೇಳಿ. ನಿಮ್ಮವರು ಕೇಳಿದ ಬ್ಲೂ ಮೌಂಟನ್ ಕಾಫಿ ತೋಟ ಬಿಟ್ಟುಬಿಡಿ. ಅದು ದ್ವೀಪದ ಪೂರ್ವಕ್ಕಿದೆ, ಬೆಟ್ಟದ ತಿರುವು ರಸ್ತೆ, ಇಡೀ ದಿನ ವ್ಯಾನಿನಲ್ಲೇ ಹೋಗುತ್ತದೆ. ಕಾಫಿ ಗಿಡ ನೋಡಲು ಶಿವಮೊಗ್ಗದವರು ಜಮೈಕಾಕ್ಕೆ ಹೋಗಬೇಕಾ? ಪುಡಿ ಬಂದರಿನ ಅಂಗಡಿಯಲ್ಲೇ ಸಿಗುತ್ತದೆ.

ಚಾಲಕನನ್ನು ಊರಿಂದಲೇ, ವಿಮರ್ಶೆ ಓದಿ ಗೊತ್ತುಮಾಡಿಕೊಳ್ಳಿ. ಪಿಯರ್ ಗೇಟಿನಲ್ಲಿ ಕೈ ಹಿಡಿದು ಎಳೆಯುವವರ ಜೊತೆ ಚೌಕಾಸಿ ಬೇಡ. ಜಮೈಕಾದಲ್ಲಿ ಪರವಾನಗಿ ಇರುವ ಟ್ಯಾಕ್ಸಿಗಳಿಗೆ ಕೆಂಪು ನಂಬರ್ ಪ್ಲೇಟ್ ಇರುತ್ತದೆ, ಅದನ್ನು ನೋಡಿಯೇ ಹತ್ತಿ. ಮಗನ ಮಿಲಿಟರಿ ಬಣ್ಣದ ಚಡ್ಡಿ, ಟೋಪಿ ಇದ್ದರೆ ಮನೆಯಲ್ಲೇ ಬಿಡಿ. ಜಮೈಕಾದಲ್ಲಿ ಸಾಮಾನ್ಯ ಜನ ಅಂಥ ಬಟ್ಟೆ ಹಾಕುವುದು ಕಾನೂನಿಗೆ ವಿರುದ್ಧ. ಚಿಕ್ಕ ಹುಡುಗ ಅಂತ ಬಿಡಬಹುದು, ಆದರೆ ಸುಮ್ನೆ ಯಾಕೆ.

ಊಟದ ವಿಷಯದಲ್ಲಿ ಜಮೈಕಾ ನಮಗೆ ಅಷ್ಟು ಕಷ್ಟದ ಜಾಗವಲ್ಲ. ಅಲ್ಲಿಯ ರಾಸ್ತಾಫಾರಿ ಪಂಥದವರ ಅಡುಗೆಗೆ ಇಟಲ್ ಅನ್ನುತ್ತಾರೆ. ಹೆಚ್ಚಿನ ಇಟಲ್ ಹೋಟೆಲುಗಳಲ್ಲಿ ಮಾಂಸವಿರುವುದಿಲ್ಲ, ಕೆಲವು ಕಡೆ ಮೀನು ಇರುತ್ತದೆ, ಕೇಳಿಕೊಳ್ಳಿ. ತೆಂಗಿನ ಹಾಲು, ಬೇಳೆ, ತರಕಾರಿ. ಉಪ್ಪು ಕಮ್ಮಿ ಅಥವಾ ಇಲ್ಲವೇ ಇಲ್ಲ, ಉಪ್ಪಿನಕಾಯಿ ಪ್ಯಾಕೆಟ್ ಜೇಬಿನಲ್ಲಿರಲಿ. ಅಲ್ಲಿ ಕಲಲೂ ಅಂತ ಕೊಡುವ ಸೊಪ್ಪು ನಮ್ಮ ಹರಿವೆಯ ಜಾತಿಯದ್ದೇ, ಅಮ್ಮನಿಗೆ ಖುಷಿಯಾಗುತ್ತದೆ. ಒಣಮೀನು ಹಾಕದೆ ಕೊಡಿ ಅಂತ ಮಾತ್ರ ಹೇಳಲೇಬೇಕು. 1845ರಿಂದ ಭಾರತದ ಕೂಲಿಯಾಳುಗಳು ಹೋದ ದ್ವೀಪ ಅದು, ಕರಿ ಮತ್ತು ರೊಟಿ ಎಲ್ಲ ಕಡೆ ಇದೆ. ಆದರೆ ಕರಿ ಅಂದರೆ ಅಲ್ಲಿ ಬಹುಪಾಲು ಮೇಕೆ ಮಾಂಸ.

ಗ್ರ್ಯಾಂಡ್ ಕೇಮನ್‌ನಲ್ಲಿ ಮಾತ್ರ ಹಡಗಿನ ಟೂರ್ ತಗೊಳ್ಳಿ. ಜಾಗ ದೂರವಿಲ್ಲ, ಆದರೂ ತಗೊಳ್ಳಿ. ಅಲ್ಲಿ ಕ್ರೂಸ್ ಹಡಗಿಗೆ ಪಿಯರ್ ಇಲ್ಲ. ಹಡಗು ಜಾರ್ಜ್‌ಟೌನ್ ಎದುರು ನೀರಿನಲ್ಲೇ ನಿಲ್ಲುತ್ತದೆ, ಸಣ್ಣ ಟೆಂಡರ್ ದೋಣಿಯಲ್ಲಿ ದಡಕ್ಕೆ ಹೋಗಬೇಕು. ಹಡಗಿನ ಟೂರ್ ಇರುವವರನ್ನು ಮೊದಲು ಇಳಿಸುತ್ತಾರೆ. ಉಳಿದವರು ಚೀಟಿ ಹಿಡಿದು ಕಾಯಬೇಕು. ನಾಲ್ಕೈದು ಹಡಗು ಬಂದ ದಿನ, ನೀವು ಹೊರಗೆ ಬುಕ್ ಮಾಡಿದ ಎಂಟೂವರೆ ದೋಣಿ ನಿಮ್ಮನ್ನು ಬಿಟ್ಟು ಹೋಗಿರುತ್ತದೆ. ಅಲೆ ಜಾಸ್ತಿಯಾದರೆ ಕೇಮನ್ ನಿಲುಗಡೆಯನ್ನೇ ರದ್ದು ಮಾಡುತ್ತಾರೆ. ಆಗ ಹಡಗಿನ ಟೂರ್ ದುಡ್ಡು ತಾನಾಗಿಯೇ ವಾಪಸ್ ಬರುತ್ತದೆ. ಕೊನೆಯ ಟೆಂಡರ್ ಹಡಗು ಹೊರಡುವುದಕ್ಕಿಂತ ಸಾಕಷ್ಟು ಮೊದಲೇ ಇರುತ್ತದೆ, ಅದನ್ನೂ ಗಮನಿಸಿ.

ಅಲ್ಲಿಯ ಹೆಸರಾಂತ ಜಾಗ ಸ್ಟಿಂಗ್‌ರೇ ಸಿಟಿ. ಸ್ಟಿಂಗ್‌ರೇ ಅಂದರೆ ನಮ್ಮ ಕರಾವಳಿಯವರು ತೊರಕೆ ಅನ್ನುವ ಮೀನು. ಹಿಂದೆ ಮೀನುಗಾರರು ನಾರ್ತ್ ಸೌಂಡ್ ಅನ್ನುವ ಕೊಲ್ಲಿಯ ಶಾಂತ ನೀರಿಗೆ ಬಂದು ಮೀನು ಕೊಯ್ದು ಕರುಳು ಎಸೆಯುತ್ತಿದ್ದರಂತೆ, ತಿನ್ನಲು ಇವು ಬಂದು ರೂಢಿಯಾದವು. ಈಗ ಜನ ಬಂದರೆ ಕಾಲಿನ ಸುತ್ತ ಸುತ್ತುತ್ತವೆ. ಮರಳ ದಿಬ್ಬದ ಮೇಲೆ ನೀರು ಸೊಂಟದ ಮಟ್ಟ, ಚಿಕ್ಕವನಿಗೆ ಎದೆ ಮಟ್ಟ. ಈಜು ಬರದವರೂ ಲೈಫ್ ಜಾಕೆಟ್ ಹಾಕಿ ನಿಲ್ಲಬಹುದು. ಕಾಲೆತ್ತಿ ಹೆಜ್ಜೆ ಹಾಕಬೇಡಿ, ಮರಳಿನಲ್ಲಿ ಎಳೆದುಕೊಂಡು ನಡೆಯಿರಿ. ಬಾಲದ ಮುಳ್ಳು ಚುಚ್ಚುವುದು ಮೇಲೆ ತುಳಿದಾಗ. ಕೆಲವು ಟೂರ್‌ಗಳು ಇದರ ಜೊತೆ ಆಳದ ನೀರಿನ ಸ್ನಾರ್ಕೆಲಿಂಗ್ (ಉಸಿರಾಟದ ಕೊಳವೆ ಕಚ್ಚಿಕೊಂಡು ಈಜುವುದು) ಕೂಡ ಸೇರಿಸುತ್ತವೆ. ನೀವು ಬರೀ ದಿಬ್ಬಕ್ಕೆ ಹೋಗುವುದನ್ನು ಆರಿಸಿ.

ಅಮ್ಮ ಆವತ್ತು ಹಡಗಿನಲ್ಲೇ ಇರಲಿ. ಕೋಪ ಮಾಡಿಕೊಳ್ಳಬೇಡಿ, ಟೆಂಡರ್ ಹತ್ತುವಾಗ ಹಡಗು ಒಂದು ಕಡೆ ಏರುತ್ತದೆ, ದೋಣಿ ಇನ್ನೊಂದು ಕಡೆ ಇಳಿಯುತ್ತದೆ. ಆ ಒಂದು ಹೆಜ್ಜೆ ಮಂಡಿ ನೋವಿನವರಿಗೆ ಬೇಡ. ಆಮೇಲೆ ಸ್ಟಿಂಗ್‌ರೇ ದೋಣಿಯಿಂದ ನೀರಿಗಿಳಿಯುವ ಏಣಿ ಬೇರೆ. ಎಲ್ಲರೂ ಇಳಿದು ಹೋದ ದಿನ ಹಡಗು ಖಾಲಿ ಇರುತ್ತದೆ, ಈಜುಕೊಳದ ಪಕ್ಕ ಕುರ್ಚಿ ಸಿಗುವ ಏಕೈಕ ದಿನ ಅದು. ಅಪ್ಪ ಜೊತೆಗಿದ್ದರೆ ಇಬ್ಬರಿಗೂ ಆರಾಮ.

ಕೇಮನ್‌ನಲ್ಲಿ ಇಳಿದವರು ಬೆಲೆ ಚೀಟಿ ನೋಡುವಾಗ ಹುಷಾರು. ಅಲ್ಲಿಯ ಡಾಲರ್ ಬೇರೆ, ಒಂದು ಕೇಮನ್ ಡಾಲರ್‌ಗೆ 1.20 ಅಮೆರಿಕನ್ ಡಾಲರ್ ಅಂತ ದರ ನಿಗದಿಯಾಗಿದೆ, ಅಂಗಡಿಗಳಲ್ಲಿ ಸ್ವಲ್ಪ ಹೆಚ್ಚೇ ಲೆಕ್ಕ ಹಾಕುತ್ತಾರೆ. ಕೇಮನ್, ಜಮೈಕಾ ಎರಡರಲ್ಲೂ ಗಾಡಿ ನಮ್ಮೂರಿನ ಹಾಗೆ ಎಡಗಡೆ ಓಡುತ್ತದೆ. ರಸ್ತೆ ದಾಟುವಾಗ ಅಮೆರಿಕದಲ್ಲಿ ಬೆಳೆದ ಮಕ್ಕಳು ತಪ್ಪು ಕಡೆ ನೋಡುತ್ತಾರೆ, ಅಜ್ಜ ಅಜ್ಜಿ ಸರಿಯಾಗಿ ನೋಡುತ್ತಾರೆ.

ಕೊಜುಮೆಲ್‌ನಲ್ಲಿ ದ್ವೀಪ ಬಿಟ್ಟು ಹೋಗದಿದ್ದರೆ ಯಾವ ಟೂರೂ ಬೇಡ. ಹಡಗು ನೇರವಾಗಿ ಪಿಯರ್‌ಗೆ ನಿಲ್ಲುತ್ತದೆ, ಹೊರಗೆ ಟ್ಯಾಕ್ಸಿ ದರದ ಬೋರ್ಡ್ ಇರುತ್ತದೆ. ಹತ್ತುವ ಮೊದಲು ದರ ಗಾಡಿಗಾ, ತಲೆಗಾ ಅಂತ ಖಚಿತ ಮಾಡಿಕೊಳ್ಳಿ.

ತುಲುಮ್ ನೋಡಲೇಬೇಕು ಅಂತ ನೀವು ಬರೆದಿದ್ದೀರಿ. ಸಮುದ್ರದ ಬಂಡೆಯ ಮೇಲಿರುವ, ಮಾಯಾ ಜನಾಂಗದವರ ಹಳೆಯ ಊರು, ಫೋಟೊದಲ್ಲಿ ಎಷ್ಟು ಚೆಂದವೋ ಎದುರಿಗೂ ಅಷ್ಟೇ ಚೆಂದ. ಆದರೆ ಅದು ದ್ವೀಪದಲ್ಲಿಲ್ಲ, ಎದುರಿನ ಮುಖ್ಯ ಭೂಮಿಯಲ್ಲಿದೆ. ಪ್ಲಾಯಾ ದೆಲ್ ಕಾರ್ಮೆನ್‌ಗೆ ಮುಕ್ಕಾಲು ಗಂಟೆ ಫೆರ್ರಿ, ಅಲ್ಲಿಂದ ಸುಮಾರು ಒಂದು ಗಂಟೆ ಬಸ್. ಬರುವಾಗ ಮತ್ತೆ ಅಷ್ಟೇ. ಆ ಫೆರ್ರಿ ಕುಲುಕುವ ದಿನ ಅರ್ಧ ಜನ ಚೀಲ ಹಿಡಿದು ಕೂತಿರುತ್ತಾರೆ. ಅಲ್ಲಿ ಸಿಗುವುದು ಒಂದೂವರೆ ಗಂಟೆ, ಜುಲೈ ಬಿಸಿಲು, ನೆರಳು ಅಂತ ಹೇಳುವಂಥದ್ದಿಲ್ಲ, ಕಟ್ಟಡಗಳನ್ನು ಹತ್ತಲೂ ಬಿಡುವುದಿಲ್ಲ. ಹೋಗಲೇಬೇಕಾದರೆ ಹಡಗಿನ ಟೂರ್‌ನಲ್ಲೇ, ನೀವು ಮತ್ತು ಮಗಳು ಇಬ್ಬರೇ ಹೋಗಿ. ತಲೆಸುತ್ತಿನ ಮಾತ್ರೆ ಫೆರ್ರಿ ಹತ್ತಿದ ಮೇಲಲ್ಲ, ಒಂದು ಗಂಟೆ ಮೊದಲು. ಮಾಯಾದವರ ಇನ್ನೊಂದು ಹಳೆಯ ನಗರ ಚಿಚೆನ್ ಇತ್ಸಾ ಇನ್ನೂ ಎಷ್ಟೋ ದೂರ. ಅದಕ್ಕೆ ಕಾನ್‌ಕೂನ್‌ಗೆ ಬೇರೆಯಾಗಿ ಹೋಗಿ.

ಆರೂ ಜನ ಒಟ್ಟಿಗಿರಬೇಕು ಅಂದರೆ ದ್ವೀಪದೊಳಗೇ ಸಾನ್ ಹರ್ವಾಸಿಯೊ ಇದೆ. ದೊಡ್ಡ ಪಿರಮಿಡ್ ನಿರೀಕ್ಷಿಸಬೇಡಿ, ಸಣ್ಣ ಸಣ್ಣ ಕಲ್ಲಿನ ಕಟ್ಟಡಗಳು. ಇಷ್‌ಚೆಲ್ ಅನ್ನುವ ದೇವಿಯ ಕ್ಷೇತ್ರ ಅದು. ಮಾಯಾ ಹೆಂಗಸರು ಮಕ್ಕಳ ಫಲ ಬೇಡಿಕೊಂಡು ದೋಣಿಯಲ್ಲಿ ಸಮುದ್ರ ದಾಟಿ ಯಾತ್ರೆ ಬರುತ್ತಿದ್ದರು. ಹರಕೆ, ಯಾತ್ರೆ ಅಂದರೆ ನಿಮ್ಮ ಅಮ್ಮನಿಗೆ ಬೇರೆ ಗೈಡ್ ಬೇಕಾಗಲಿಕ್ಕಿಲ್ಲ. ದಾರಿ ಸಮತಟ್ಟು, ಮರದ ನೆರಳಿದೆ, ಸೊಳ್ಳೆಯೂ ಇದೆ. ಬೆಳಿಗ್ಗೆ ಅದನ್ನು ಮುಗಿಸಿ ಮಧ್ಯಾಹ್ನ ಚಾಂಕನಾಬ್ ಪಾರ್ಕ್ ಅಥವಾ ಪಶ್ಚಿಮ ದಡದ ಯಾವುದಾದರೂ ಬೀಚ್ ಕ್ಲಬ್‌ಗೆ ಹೋಗಿ. ಪಶ್ಚಿಮ ದಡ ಅಂತ ಒತ್ತಿ ಹೇಳುತ್ತಿದ್ದೇನೆ. ಬೇಸಿಗೆಯಲ್ಲಿ ಸರ್ಗಾಸಮ್ ಅನ್ನುವ ಕಂದು ಪಾಚಿ ರಾಶಿ ರಾಶಿ ತೇಲಿ ಬಂದು ಪೂರ್ವಕ್ಕೆ ಮುಖ ಮಾಡಿದ ದಡಗಳಲ್ಲಿ ಕೊಳೆಯುತ್ತದೆ. ತುಲುಮ್ ಬೀಚ್‌ಗೆ ಅದರ ಕಾಟ ಜಾಸ್ತಿ, ಕೊಜುಮೆಲ್‌ನ ಪಶ್ಚಿಮಕ್ಕೆ ಕಮ್ಮಿ. ಹವಳದ ನೀರಿಗೆ ಇಳಿಯುವ ಮೊದಲು ಸನ್‌ಸ್ಕ್ರೀನ್ ಬಳಿಯಬೇಡಿ, ಪಾರ್ಕ್‌ಗಳಲ್ಲಿ ಒಪ್ಪುವುದಿಲ್ಲ. ಉದ್ದ ತೋಳಿನ ಈಜು ಅಂಗಿ ಹಾಕಿದರೆ ಸಾಕು. ಊಟಕ್ಕೆ ಕೂತಾಗ "ಸಿನ್ ಕಾರ್ನೆ, ಸಿನ್ ಮಾಂತೆಕಾ" ಅಂತ ಹೇಳಿ, ಮಾಂಸ ಬೇಡ, ಹಂದಿ ಕೊಬ್ಬು ಬೇಡ ಅಂತ. ಎರಡನೆಯದನ್ನು ಹೇಳದಿದ್ದರೆ ಬೀನ್ಸ್ ಕಾಳಿನ ಪಲ್ಯದಲ್ಲಿ ಕೊಬ್ಬು ಇರುವ ಸಾಧ್ಯತೆ ಇದೆ. ಹಡಗಿನಿಂದ ಹಣ್ಣು, ಬೇಯಿಸಿದ ಊಟ ಕೆಳಗೆ ಒಯ್ಯಲು ಬಿಡುವುದಿಲ್ಲ. ಸೀಲ್ ಒಡೆಯದ ಬಿಸ್ಕತ್ತು, ಖಾರದ ಪ್ಯಾಕೆಟ್‌ಗೆ ಸಾಮಾನ್ಯವಾಗಿ ತೊಂದರೆಯಿಲ್ಲ.

ಬುಕಿಂಗ್ ಹೀಗೆ ಮಾಡಿ. ಕೇಮನ್ ಟೂರ್ ಈಗಲೇ ಆನ್‌ಲೈನ್‌ನಲ್ಲಿ ಹಿಡಿಯಿರಿ. ಹೆಚ್ಚಿನ ಕಂಪನಿಗಳು ಬಂದರಿಗೆ ಒಂದೆರಡು ದಿನ ಮೊದಲಿನವರೆಗೂ ರದ್ದು ಮಾಡಲು ಬಿಡುತ್ತವೆ, ನಿಮ್ಮ ಕಂಪನಿಯ ಷರತ್ತು ಓದಿಕೊಳ್ಳಿ. ಆಮೇಲೆ ಬೆಲೆ ಇಳಿದರೆ ರದ್ದು ಮಾಡಿ ಮತ್ತೆ ತಗೊಳ್ಳಬಹುದು. ಜಮೈಕಾದ ವ್ಯಾನಿನವರಿಗೆ ಮೊದಲೇ ಪೂರ್ತಿ ದುಡ್ಡು ಕೊಡಬೇಡಿ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ, ಬಂದರಿನ ದಿನಗಳು ಅದಲು ಬದಲಾಗುತ್ತವೆ. ಹಡಗು ಬರದಿದ್ದರೆ ಪೂರ್ತಿ ವಾಪಸ್, ದಿನ ಬದಲಾದರೆ ಆ ದಿನಕ್ಕೆ ಬರುತ್ತೇವೆ ಅಂತ ಬರವಣಿಗೆಯಲ್ಲಿ ತಗೊಳ್ಳಿ. ಹಾಗೆ ಕೊಡಲು ಒಪ್ಪದವರನ್ನು ಬಿಡಿ, ಒಪ್ಪುವವರು ಬೇಕಾದಷ್ಟು ಜನ ಇದ್ದಾರೆ.

ಮಗ ಡಾಲ್ಫಿನ್ ಜೊತೆ ಈಜಬೇಕು ಅಂತ ಹಟ ಹಿಡಿದಿದ್ದಾನೆ ಅಂದಿರಿ. ಅದು ಬೇಲಿ ಹಾಕಿದ ಕೊಳ, ದುಬಾರಿ, ನಿಮ್ಮ ಕ್ಯಾಮೆರಾ ಒಳಗೆ ಬಿಡದೆ ಫೋಟೊಗೆ ಬೇರೆ ದುಡ್ಡು ಕೇಳುವುದು ಮಾಮೂಲು. ನನಗೆ ನೋಡಲೂ ಇಷ್ಟವಿಲ್ಲ. ಕೇಮನ್‌ನಲ್ಲಿ ಆ ತೊರಕೆ ಮೀನು ಬಂದು ಕಾಲಿಗೆ ಒರಗಿದರೆ ಅವನ ಡಾಲ್ಫಿನ್ ಹಟ ಅಲ್ಲೇ ಇಳಿಯಬಹುದು. ಇಳಿಯದಿದ್ದರೆ ಆಗ ಯೋಚಿಸಿ.