ಮಾವನ ಸೊಂಟನೋವು, ತೊಗರಿ ಸಾಲಿನ ಗಿಡ

ಪಾವಗಡ ತಾಲ್ಲೂಕಿನ ಓದುಗರೊಬ್ಬರ ಪತ್ರ: ಮಾವನವರಿಗೆ 67 ವರ್ಷ. ಎಂಟು ವರ್ಷದಿಂದ ಸೊಂಟ, ಮಂಡಿ ನೋವು. ನೋವಿನ ಮಾತ್ರೆ ನುಂಗಿ ನುಂಗಿ ಹೊಟ್ಟೆ ಕೆಟ್ಟಿದೆ. ಮೊಬೈಲಿನಲ್ಲಿ ಗಾಂಜಾ ಎಣ್ಣೆಯ ಜಾಹೀರಾತು ಬರುತ್ತಿದೆ. ಪಕ್ಕದ ಮನೆಯವರು ತೊಗರಿ ಸಾಲಿನಲ್ಲಿ ನಾಲ್ಕು ಗಿಡ ಹಾಕಿಕೊಳ್ಳಿ ಅಂತಾರೆ. ಏನು ಮಾಡಲಿ?

ಮೊದಲು ಆ ನಾಲ್ಕು ಗಿಡದ ಮಾತು ಬಿಟ್ಟುಬಿಡಿ. ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಗಿಡ ಬೆಳೆದದ್ದಕ್ಕೇ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಮಾವನ ನೋವಿಗೆ ಅಂತ ಬೆಳೆದೆ ಅಂದರೆ ಯಾರೂ ಕೇಳುವುದಿಲ್ಲ. ಪಕ್ಕದ ಮನೆಯವರು ಆಗ ಠಾಣೆಗೆ ಬರ್ತಾರಾ?

ಎಣ್ಣೆ ಬೇರೆ ಮಾತು. ಕಾಯ್ದೆಯ ಲೆಕ್ಕದಲ್ಲಿ ಗಾಂಜಾ ಅಂದರೆ ಗಿಡದ ಹೂವಿನ ತುದಿ. ಬರೀ ಸೊಪ್ಪು ಅದರಲ್ಲಿ ಸೇರುವುದಿಲ್ಲ. ಅದಕ್ಕೇ ಆಯುರ್ವೇದದಲ್ಲಿ ವಿಜಯಾ ಅನ್ನುವ ಇದೇ ಗಿಡದ ಭಂಗಿ ಸೊಪ್ಪಿನಿಂದ ಲೈಸೆನ್ಸ್ ಇರುವವರು ಔಷಧಿ ಮಾಡುತ್ತಾರೆ, ವೈದ್ಯರು ನೋಡಿ ಬರೆದುಕೊಟ್ಟರೆ ತಗೊಳ್ಳಬೇಕು. ಹೆಂಪ್ ಬೀಜದ ಎಣ್ಣೆ, ಅಂದರೆ ಇದೇ ಜಾತಿ ಗಿಡದ ಬೀಜದ ಎಣ್ಣೆ, ಇನ್ನೊಂದು. ಅದು ಅಡುಗೆ ಎಣ್ಣೆಯ ಜಾತಿ, ನೋವಿಗೆ ಅಂತ ದುಡ್ಡು ಸುರಿಯಬೇಡಿ. ನಿಮ್ಮ ಜಾಹೀರಾತಿನ ಬಾಟಲಿ ಇವೆರಡರಲ್ಲಿ ಯಾವುದು ಅಂತ ಲೇಬಲ್ ಓದಿದರೇ ಗೊತ್ತಾಗೋದು.

ಗಾಂಜಾ ಗಿಡದ ಔಷಧಿ ನೋವಿಗೆ ಕೆಲಸ ಮಾಡುತ್ತಾ ಅಂದರೆ, ನರದ ನೋವಿಗೆ ಕೆಲವರಿಗೆ ಸ್ವಲ್ಪ ಆರಾಮ ಸಿಗುತ್ತದೆ. ಅಷ್ಟೇ. ನೋವಿನ ತಜ್ಞರ ಅಂತರರಾಷ್ಟ್ರೀಯ ಸಂಘವೇ 2021ರಲ್ಲಿ ಸಾಕಷ್ಟು ಪುರಾವೆ ಇಲ್ಲ, ಬೆಂಬಲಿಸುವುದಿಲ್ಲ ಎಂದಿತು. ಜೊತೆಗೆ ತಲೆಸುತ್ತು, ಮಂಪರು. ಮಾವನವರು ಬಿಪಿ ಮಾತ್ರೆಯೋ ನಿದ್ದೆ ಮಾತ್ರೆಯೋ ತಗೊಳ್ತಿದ್ದರೆ ರಾತ್ರಿ ಎದ್ದವರು ಬಿದ್ದು ಸೊಂಟ ಮುರಿದುಕೊಳ್ಳಬಹುದು. ರಕ್ತ ತೆಳುವಾಗಿಸುವ ಮಾತ್ರೆ ಇದ್ದರಂತೂ ಡಾಕ್ಟರಿಗೆ ಹೇಳದೆ ಮುಟ್ಟಲೇಬೇಡಿ.

ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಪಾವಗಡ ಅನ್ನುವ ಹೆಸರು. ನಿಮ್ಮ ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅನ್ನುವ ಲವಣ ಜಾಸ್ತಿ ಅಂತ ಹೊಸದಾಗಿ ಹೇಳಬೇಕಾ? ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ತುಂಬಾ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು ಬಿಗಿಯುತ್ತವೆ, ಬೆನ್ನು ಬಗ್ಗುವುದಿಲ್ಲ, ಕತ್ತು ತಿರುಗುವುದಿಲ್ಲ. ಜನ ಅದನ್ನು ವಯಸ್ಸಿನ ವಾಯು ಅಂದುಕೊಂಡು ಮಾತ್ರೆ ನುಂಗುತ್ತಾರೆ. ಮಾವನವರು ಈ ಊರಿನಲ್ಲೇ ಬೆಳೆದವರಾದರೆ ಹಲ್ಲಿನ ಮೇಲೆ ಕಂದು ಕಲೆ ಇದೆಯಾ, ನೋಡಿ. ಕುಡಿಯುವುದಕ್ಕೆ ಫಿಲ್ಟರ್ ನೀರು ತರುತ್ತೀರಿ ಸರಿ, ಮುದ್ದೆಗೆ, ಸಾರಿಗೆ? ಅಲ್ಲಿ ಬೋರ್ ನೀರೇ ಅಲ್ವಾ? ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಬತ್ತಿದಷ್ಟೂ ಗಟ್ಟಿಯಾಗುತ್ತದೆ.

ಪಂಚಾಯ್ತಿಯಲ್ಲಿ ಕೇಳಿ ನೀರು ಪರೀಕ್ಷೆ ಮಾಡಿಸಿ, ಮೂಳೆ ಡಾಕ್ಟರ ಹತ್ತಿರ ಒಂದು ಎಕ್ಸ್‌ರೇ ತೆಗೆಸಿ, ಹೊಟ್ಟೆ ಕೆಟ್ಟಿರುವುದನ್ನೂ ಹೇಳಿ. ಬಿಗಿದ ಕೀಲು ಹಳೆಯದರಂತೆ ಆಗುವುದು ಕಷ್ಟ, ನೀರು ಬದಲಾದರೆ ಮುಂದೆ ಜಾಸ್ತಿಯಾಗುವುದನ್ನು ತಡೆಯಬಹುದು. ಪರೀಕ್ಷೆಯಲ್ಲಿ ಎಷ್ಟು ಬಂತು ಅಂತ ಒಂದು ಸಾಲು ಬರೆಯಿರಿ.