ಸಾಗರದ ಗಿಟಾರ್ ಬರಹಗಾರರಿಗೆ ಸಂಪಾದಕರ ಉತ್ತರ

ಪ್ರಿಯರೇ,

ನೀವು ಕಳಿಸಿದ ‘ಎಲೆಕ್ಟ್ರಿಕ್ ಗಿಟಾರಿನ ರೋಚಕ ಪಯಣ’ ಓದಿದೆ. ಈಗಿರುವ ಹಾಗೆ ಹಾಕಲು ಬರುವುದಿಲ್ಲ. ಹಾಗಂತ ಬಿಸಾಕುವ ಬರಹವೂ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಪುಟಗಳಲ್ಲಿ ಬರೀ ಹೆಸರು, ಇಸವಿ. ಗಿಟಾರ್, ಆಂಪ್ಲಿಫೈಯರ್ ತಯಾರಕ ಫೆಂಡರ್ ಬಂದರು, ಆಂಪ್ಲಿಫೈಯರ್ ತಯಾರಕ ಮಾರ್ಷಲ್ ಬಂದರು, ಕಾಲಲ್ಲಿ ಒತ್ತಿ ಸದ್ದು ಬದಲಿಸುವ ಪೆಡಲ್ ಬಂತು. ಸದ್ದು ಮಾತ್ರ ಎಲ್ಲೂ ಕೇಳಿಸಲಿಲ್ಲ. ‘ಮೈ ನವಿರೇಳಿಸುವ’ ಅಂತ ಮತ್ತೆ ಮತ್ತೆ ಬರೆದಿದ್ದೀರಿ, ಯಾಕೆ ನವಿರೇಳುತ್ತದೆ ಅಂತ ಹೇಳಿಲ್ಲ. ಗಾಜಿನ ಕೊಳವೆಗಳಿಂದ ಗಿಟಾರಿನ ಸದ್ದು ಹಿಗ್ಗಿಸುವ ವಾಲ್ವ್ ಆಂಪಿನೊಳಗೆ ಆಗುವುದನ್ನು ಬರೆಯಿರಿ. ತಾಕತ್ತು ಮೀರಿದ ಸಿಗ್ನಲ್ ಬಂದರೆ ವಾಲ್ವಿನಲ್ಲಿ ಅಲೆಯ ನೆತ್ತಿ ಬೇಲಿಗಿಡ ಸವರಿದ ಹಾಗೆ ಚಪ್ಪಟೆಯಾಗುತ್ತದೆ. ಆಗ ಮೂಲ ಸ್ವರದಲ್ಲಿಲ್ಲದ ಮೇಲುಸ್ವರಗಳು ಹುಟ್ಟುತ್ತವೆ. ಮೆಲ್ಲಗೆ ಮೀಟಿದರೆ ಸ್ವಚ್ಛ, ಜೋರಾಗಿ ಮೀಟಿದರೆ ಒರಟು. ಈ ಒರಟುತನವೇ ಡಿಸ್ಟಾರ್ಷನ್. ಸ್ವರವೂ ಬೇಗ ಆರದೆ ಎಳೆದುಕೊಂಡು ಹೋಗುತ್ತದೆ.

‘1962ರಲ್ಲಿ ಜಿಮ್ ಮಾರ್ಷಲ್ ಡಿಸ್ಟಾರ್ಷನ್ ಕಂಡುಹಿಡಿದರು’ ಅಂದಿದ್ದೀರಿ. ಇಲ್ಲ ಮಾರಾಯ್ರೇ. ಅವರ ಲಂಡನ್ ಅಂಗಡಿಯಲ್ಲಿ ಕೆನ್ ಬ್ರಾನ್, ಡಡ್ಲಿ ಕ್ರೇವನ್ ಕಟ್ಟಿದ ಜೆಟಿಎಂ 45 ಆಂಪ್, ಫೆಂಡರ್ ಕಂಪನಿಯ ಬ್ಯಾಸ್‌ಮನ್ ಆಂಪಿನ ಸರ್ಕ್ಯೂಟನ್ನೇ ನೋಡಿ ಮಾಡಿದ್ದು. ಆದರೆ ಇದರ ಮೊದಲ ವಾಲ್ವ್ ಸಿಗ್ನಲನ್ನು ಹೆಚ್ಚು ಹಿಗ್ಗಿಸುವಂಥದ್ದು, ಸ್ಪೀಕರ್ ಪೆಟ್ಟಿಗೆಯ ಬೆನ್ನು ಮುಚ್ಚಿದ್ದು. ಸದ್ದಿನ ಬಣ್ಣ ಬದಲಾಯಿತು.

ಒಡೆದ ಸದ್ದು ಅದಕ್ಕಿಂತ ಹಳೆಯದು. 1951ರಲ್ಲಿ ‘ರಾಕೆಟ್ 88’ ಹಾಡಿನ ಧ್ವನಿಮುದ್ರಣಕ್ಕೆಂದು ಅಮೆರಿಕದ ಮೆಂಫಿಸ್‌ಗೆ ಬರುವಷ್ಟರಲ್ಲಿ ಗಿಟಾರ್ ವಾದಕ ವಿಲ್ಲೀ ಕಿಝಾರ್ಟ್ ಅವರ ಆಂಪ್ ಕೆಟ್ಟಿತ್ತು. ಸ್ಪೀಕರಿಗೆ ಕಾಗದ ತುರುಕಿ ಹಾಗೇ ನುಡಿಸಿದರು. 1961ರಲ್ಲಿ ಹೊರಬಂದ ನ್ಯಾಶ್‌ವಿಲ್‌ನ ಹಾಡೊಂದರಲ್ಲಿ ಗ್ರೇಡಿ ಮಾರ್ಟಿನ್ ಅವರ ಬಾಸ್ ಗಿಟಾರ್ ಗೊರಗೊರ ಅಂದದ್ದು ಸ್ಟುಡಿಯೋದ ಮಿಕ್ಸರ್ ಚಾನೆಲ್ ಕೆಟ್ಟಿದ್ದರಿಂದ. ಮರುವರ್ಷವೇ ಅದೇ ಸದ್ದು ಬೇಕೆಂದಾಗ ಸಿಗಲಿ ಅಂತ ಮೇಸ್ಟ್ರೊ ಫಜ್‌ಟೋನ್ ಪೆಡಲ್ ಮಾರಾಟಕ್ಕೆ ಬಂತು. 1964ರಲ್ಲಿ ಇಂಗ್ಲೆಂಡಿನ ಕಿಂಕ್ಸ್ ತಂಡದ ಗಿಟಾರ್ ವಾದಕ ಡೇವ್ ಡೇವಿಸ್ ತಮ್ಮ ಪುಟ್ಟ ಆಂಪಿನ ಸ್ಪೀಕರ್ ಕೋನನ್ನು ಬ್ಲೇಡಿನಿಂದ ಸೀಳಿಯೇಬಿಟ್ಟರು. ತಾನಾಗಿ ಕೆಟ್ಟದ್ದನ್ನು ಜನ ಬೇಕಂತಲೇ ಕೆಡಿಸಿಕೊಳ್ಳತೊಡಗಿದ ಈ 13 ವರ್ಷವೇ ನಿಮ್ಮ ಲೇಖನ. ಫ್ರೈಯಿಂಗ್ ಪ್ಯಾನ್ ಎಂಬ ಆರಂಭದ ಎಲೆಕ್ಟ್ರಿಕ್ ಗಿಟಾರಿನ ಪೀಠಿಕೆ, ಬ್ರಾಂಡುಗಳ ಪಟ್ಟಿ ಎಲ್ಲ ತೆಗೆಯಿರಿ.

ಕೊನೇ ಪುಟದ ಬ್ರಾಕೆಟ್ಟಿನಲ್ಲಿ ಒಂದು ಸಾಲಿದೆ: ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ನೀವು ಸದ್ದು ಒರಟಾಗಿಸುವ ಓವರ್‌ಡ್ರೈವ್ ಪೆಡಲ್ ಒತ್ತಿದ ಕೂಡಲೇ ಮೈಕ್‌ಸೆಟ್‌ನವರು ‘ಸ್ಪೀಕರ್ ಒಡೀತಾ ಇದೆ’ ಅಂತ ಓಡಿಬಂದು ವಾಲ್ಯೂಮ್ ಇಳಿಸಿದ್ದು. ಇಂಥದ್ದನ್ನು ಬಚ್ಚಿಡುವುದೇ? ಅವರದ್ದೇನೂ ತಪ್ಪಿಲ್ಲ. ಅವರಿಗೆ ಬೇಕಿದ್ದದ್ದು ಶುಚಿಯಾದ ಸದ್ದು, ಹಳೆಯ ಆಂಪ್ ತಯಾರಕರಿಗೂ ಅದೇ ಬೇಕಿತ್ತು. ನೀವೇನು ಉತ್ತರ ಕೊಟ್ಟಿರಿ, ಮುಂದಿನ ಹಾಡು ಹೇಗೆ ನುಡಿಸಿದಿರಿ, ಎಲ್ಲ ಬರಲಿ. ಅಲ್ಲಿಂದ ನೇರ 1951ಕ್ಕೆ ಹೋಗಿ.

ದೀಪಾವಳಿ ಸಂಚಿಕೆ ತುಂಬಿದೆ, ಆಮೇಲೆ ಕಳಿಸಿ. 800 ಪದ ಸಾಕು. ಸೂರ್ಯಾಸ್ತದಲ್ಲಿ ಗಿಟಾರ್ ಹಿಡಿದು ನಿಂತ ಫೋಟೋ ಬೇಡ. ಪೆಡಲಿನ ತಳ ಬಿಚ್ಚಿ ತೆಗೆದದ್ದಿದ್ದರೆ ಲಗತ್ತಿಸಿ.

ಸಂಪಾದಕ, ಶಿವಮೊಗ್ಗ